ಇಂಗ್ಲೆಂಡಿನ ಒಂದು ದಿನದ ಕುಟುಂಬ ವಿಹಾರ

ಬೆಳಗ್ಗೆ ಮಕ್ಕಳೊಂದಿಗೆ ಮನೆಯಿಂದ ಹೊರಟು, ಕಡಲತೀರದಲ್ಲಿಯೋ ಗ್ರಾಮಾಂತರ ಪ್ರದೇಶದಲ್ಲಿಯೋ ಹಗಲನ್ನು ಕಳೆದು ಸಂಜೆಗೆ ಮರಳುವ ಒಂದು ದಿನದ ವಿಹಾರವು ಇಂಗ್ಲೆಂಡಿನ ಜನಜೀವನದಲ್ಲಿ ಬಹುಕಾಲದಿಂದ ನೆಲೆಯೂರಿರುವ ರೂಢಿಯಾಗಿದೆ. ಈ ದೇಶದ ಯಾವ ಸ್ಥಳವೂ ಸಮುದ್ರದಿಂದ ಸುಮಾರು 113 ಕಿ.ಮೀ.ಗಿಂತ ಹೆಚ್ಚು ದೂರದಲ್ಲಿಲ್ಲ. ಆದರೆ ಕಡಲು ಹತ್ತಿರವಿದ್ದ ಮಾತ್ರಕ್ಕೆ ಈ ರೂಢಿ ಬೆಳೆಯಲಿಲ್ಲ. ದುಡಿಯುವ ವರ್ಗದ ಕುಟುಂಬಗಳಿಗೆ ಇದು ಎಟುಕಿದ್ದು ರೈಲು, ರಜೆಯ ಕಾಯಿದೆಗಳು ಮತ್ತು ನಡೆದಾಡುವ ಹಕ್ಕಿನಿಂದ.

ಇತಿಹಾಸ

18ನೆಯ ಶತಮಾನದಲ್ಲಿ ಸಮುದ್ರಸ್ನಾನವು ಸಿರಿವಂತರ ಚಿಕಿತ್ಸೆಯಾಗಿತ್ತು. ವೈದ್ಯ ರಿಚರ್ಡ್ ರಸೆಲ್ ಉಪ್ಪುನೀರಿನ ಗುಣವನ್ನು ಪ್ರಚಾರ ಮಾಡಿದ ಬಳಿಕ ಬ್ರೈಟನ್ ಪ್ರಸಿದ್ಧಿಗೆ ಬಂದಿತು. 1841ರಲ್ಲಿ ಲಂಡನ್‌ನಿಂದ ಬ್ರೈಟನ್‌ಗೆ ರೈಲು ಸಂಚಾರ ಆರಂಭವಾಯಿತು. ಅದೇ ವರ್ಷ ಥಾಮಸ್ ಕುಕ್ ಲೆಸ್ಟರ್‌ನಿಂದ ಲಫ್‌ಬರೋಗೆ ಸುಮಾರು 500 ಜನರನ್ನು ತಲಾ ಒಂದು ಶಿಲಿಂಗ್ ದರದಲ್ಲಿ ರೈಲಿನಲ್ಲಿ ಕರೆದೊಯ್ದನು. ಅದು ಪಾನನಿರೋಧ ಸಭೆಯೊಂದಕ್ಕೆ ಏರ್ಪಟ್ಟ ಪ್ರಯಾಣವಾಗಿತ್ತು ಎಂಬುದು ಸ್ವಾರಸ್ಯಕರ.

ಜಾನ್ ಲಬಕ್ ಮಂಡಿಸಿದ 1871ರ ಬ್ಯಾಂಕ್ ರಜಾ ಕಾಯಿದೆಯು ಆಗಸ್ಟ್ ತಿಂಗಳ ಮೊದಲ ಸೋಮವಾರವನ್ನೂ ಒಳಗೊಂಡಂತೆ ಕೆಲವು ದಿನಗಳನ್ನು ಸಾರ್ವಜನಿಕ ರಜೆಗಳನ್ನಾಗಿಸಿತು. ಲ್ಯಾಂಕಶೈರ್‌ನ ಹತ್ತಿಗಿರಣಿ ಪಟ್ಟಣಗಳಲ್ಲಿ ವರ್ಷಕ್ಕೊಮ್ಮೆ ‘ವೇಕ್ಸ್’ ವಾರದಲ್ಲಿ ಗಿರಣಿಗಳು ಮುಚ್ಚುತ್ತಿದ್ದವು. ಆಗ ಊರಿಗೆ ಊರೇ ಬ್ಲ್ಯಾಕ್‌ಪೂಲ್‌ಗೆ ಹೊರಡುತ್ತಿತ್ತು. ಆದರೆ ಅನೇಕರಿಗೆ ರಜೆಯ ದಿನಗಳಲ್ಲಿ ಕೂಲಿ ಸಿಗುತ್ತಿರಲಿಲ್ಲ. ವೇತನಸಹಿತ ರಜೆಯ ಕಾಯಿದೆ ಬಂದದ್ದು 1938ರಲ್ಲಿ. 1960ರ ದಶಕದಿಂದ ಸ್ಪೇನ್ ಮೊದಲಾದ ದೇಶಗಳಿಗೆ ಅಗ್ಗದ ವಿಮಾನಯಾನ ದೊರೆತಾಗ ಕಡಲತೀರದ ವಸತಿಗೃಹಗಳು ಸೊರಗಿದವು. ಒಂದು ದಿನದ ವಿಹಾರ ಮಾತ್ರ ಉಳಿದುಕೊಂಡಿತು.

ಕಡಲತೀರ

ಸಮುದ್ರದೊಳಕ್ಕೆ ಚಾಚಿದ, ಕಂಬಗಳ ಮೇಲೆ ನಿಂತ ‘ಪಿಯರ್’ ಎಂಬ ಕಟ್ಟೆ ಇಲ್ಲಿನ ವೈಶಿಷ್ಟ್ಯ. ಸೌತೆಂಡ್‌ನ ಪಿಯರ್ ಸುಮಾರು 2.16 ಕಿ.ಮೀ. ಉದ್ದವಿದೆ. 1894ರಲ್ಲಿ ತೆರೆದ ಬ್ಲ್ಯಾಕ್‌ಪೂಲ್ ಗೋಪುರದ ಎತ್ತರ 158 ಮೀಟರ್. ಮರಳಿನ ಮೇಲೆ ಕತ್ತೆ ಸವಾರಿ, ‘ಪಂಚ್ ಅಂಡ್ ಜೂಡಿ’ ಗೊಂಬೆಯಾಟ, ಒಳಗೆಲ್ಲ ಊರಿನ ಹೆಸರು ಮೂಡಿರುವ ‘ರಾಕ್’ ಎಂಬ ಸಕ್ಕರೆಕಡ್ಡಿ ಇವು ಮಕ್ಕಳಿಗೆ ಪ್ರಿಯ. ಬ್ಲ್ಯಾಕ್‌ಪೂಲ್‌ನ ಕತ್ತೆಗಳಿಗೆ ಶುಕ್ರವಾರ ರಜೆ! ಗುರಿಂದರ್ ಚಡ್ಡಾ ನಿರ್ದೇಶನದ ‘ಭಾಜಿ ಆನ್ ದ ಬೀಚ್’ (1993) ಚಲನಚಿತ್ರವು ಭಾರತೀಯ ಮೂಲದ ಮಹಿಳೆಯರ ಬ್ಲ್ಯಾಕ್‌ಪೂಲ್ ವಿಹಾರವನ್ನೇ ಕಥಾವಸ್ತುವಾಗಿಸಿಕೊಂಡಿದೆ.

ಹಣ ತೆರಬೇಕಾದ ಮನರಂಜನೆಗಳಿಗಿಂತ ಬಕೆಟ್ಟು ಮತ್ತು ಪುಟ್ಟ ಸಲಿಕೆ ಮಕ್ಕಳನ್ನು ಹೆಚ್ಚು ಹೊತ್ತು ಹಿಡಿದಿಡುತ್ತವೆ. ನೀರು ಇಳಿದಾಗ ಬಂಡೆಗಳ ನಡುವೆ ಉಳಿಯುವ ಹೊಂಡಗಳಲ್ಲಿ ಏಡಿ, ಸಿಗಡಿ, ಸೀ ಅನಿಮೋನ್‌ಗಳನ್ನು ಕಾಣಬಹುದು. ಅವುಗಳನ್ನು ನೋಡಿ ಅಲ್ಲಿಯೇ ಬಿಡುವುದು ರೂಢಿ. ಡಾರ್ಸೆಟ್‌ನ ಲೈಮ್ ರೀಜಿಸ್‌ನಲ್ಲಿ ದಡದ ಮೇಲೆಯೇ ಅಮೊನೈಟ್ ಪಳೆಯುಳಿಕೆಗಳು ದೊರೆಯುತ್ತವೆ. ಈ ಊರಿನ ಬಡಗಿಯ ಮಗಳು ಮೇರಿ ಆನಿಂಗ್ (1799–1847) ಹನ್ನೆರಡರ ಆಸುಪಾಸಿನ ವಯಸ್ಸಿನಲ್ಲಿ, ಅಣ್ಣ ತಲೆಬುರುಡೆಯನ್ನು ಕಂಡಿದ್ದ ಇಕ್ತಿಯೋಸಾರ್‌ನ ಉಳಿದ ಅಸ್ಥಿಪಂಜರವನ್ನು ಪತ್ತೆಹಚ್ಚಿದಳು. 1833ರಲ್ಲಿ ಇಲ್ಲಿಯ ಕಡಿಬಂಡೆ ಕುಸಿದು ಆಕೆಯ ನಾಯಿ ಸತ್ತಿತು. ಆಕೆ ಕೂದಲೆಳೆಯ ಅಂತರದಲ್ಲಿ ಪಾರಾದಳು. ಕಡಿಬಂಡೆಯ ಬುಡದಲ್ಲಿ ಕೂರಬಾರದೆಂಬ ಎಚ್ಚರಿಕೆ ಇಂದಿಗೂ ಅನ್ವಯಿಸುತ್ತದೆ.

ಉಬ್ಬರವಿಳಿತ

ಇಂಗ್ಲೆಂಡಿನ ತೀರದಲ್ಲಿ ದಿನದ ಯೋಜನೆಯನ್ನು ನಿರ್ಧರಿಸುವುದು ಉಬ್ಬರವಿಳಿತದ ವೇಳಾಪಟ್ಟಿ. ಕರ್ನಾಟಕದ ಕರಾವಳಿಯಲ್ಲಿ ಉಬ್ಬರ ಮತ್ತು ಇಳಿತಗಳ ನಡುವಿನ ಅಂತರ ಸುಮಾರು ಎರಡು ಮೀಟರಿನ ಆಸುಪಾಸಿನಲ್ಲಿದ್ದರೆ, ಸೆವರ್ನ್ ನದೀಮುಖದಲ್ಲಿ ಅದು 14 ಮೀಟರ್ ತಲುಪಬಲ್ಲದು. ವೆಸ್ಟನ್-ಸೂಪರ್-ಮೇರ್‌ನಲ್ಲಿ ಇಳಿತದ ವೇಳೆ ಸಮುದ್ರ ಬಹುದೂರ ಸರಿದು, ಕಾಲು ಹೂತುಹೋಗುವ ಕೆಸರು ತೆರೆದುಕೊಳ್ಳುತ್ತದೆ. ಲಿಂಡಿಸ್‌ಫಾರ್ನ್ ದ್ವೀಪದ ರಸ್ತೆ ದಿನಕ್ಕೆರಡು ಬಾರಿ ಮುಳುಗುತ್ತದೆ. ಮೋರ್ಕಮ್ ಕೊಲ್ಲಿಯಲ್ಲಿ 2004ರ ಫೆಬ್ರವರಿ ರಾತ್ರಿಯೊಂದರಲ್ಲಿ, ಚಿಪ್ಪು ಆಯುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ಚೀನೀ ಕಾರ್ಮಿಕರು ಏರುನೀರಿಗೆ ಸಿಕ್ಕಿ ಮೃತಪಟ್ಟರು. ಈ ಕೊಲ್ಲಿಯ ಮರಳನ್ನು ದಾಟಿಸಲು ಶತಮಾನಗಳಿಂದಲೂ ರಾಜನೇಮಿತ ಮಾರ್ಗದರ್ಶಕನಿರುತ್ತಾನೆ.

ಜೀವರಕ್ಷಕರಿರುವ ತೀರಗಳಲ್ಲಿ ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಈಜಬೇಕು. ಕೆಂಪು ಬಾವುಟವಿದ್ದರೆ ನೀರಿಗೆ ಇಳಿಯಬಾರದು. ಕಿತ್ತಳೆ ಬಣ್ಣದ ಗಾಳಿಚೀಲ ಹಾರುತ್ತಿದ್ದರೆ ದಡದಿಂದ ಕಡಲಿನತ್ತ ಗಾಳಿ ಬೀಸುತ್ತಿದೆ ಎಂದರ್ಥ. ಅಂಥ ಸಮಯದಲ್ಲಿ ಗಾಳಿ ತುಂಬಿದ ಆಟಿಕೆಗಳ ಮೇಲೆ ಕುಳಿತ ಮಕ್ಕಳು ಬೇಗನೆ ದೂರ ತೇಲಿಹೋಗಬಹುದು. ಅಪಾಯವಾದರೆ 999ಕ್ಕೆ ಕರೆಮಾಡಿ ಕರಾವಳಿ ರಕ್ಷಣಾ ಪಡೆಯನ್ನು ಕೇಳಬೇಕು.

ಗ್ರಾಮಾಂತರ

ಬೆಟ್ಟಗಾಡುಗಳ ಬಹುಭಾಗ ಖಾಸಗಿ ಒಡೆತನದಲ್ಲಿದ್ದು, ಬೇಟೆಗಾಗಿ ಮೀಸಲಿತ್ತು. 1932ರ ಏಪ್ರಿಲ್ 24ರಂದು ನೂರಾರು ಜನರು ಕಿಂಡರ್ ಸ್ಕೌಟ್ ಬೆಟ್ಟಕ್ಕೆ ನಿಷೇಧವನ್ನು ಮೀರಿ ನಡೆದರು. ಐವರು ಸೆರೆವಾಸ ಅನುಭವಿಸಿದರು. 1949ರ ಕಾಯಿದೆಯ ಮೂಲಕ ರಾಷ್ಟ್ರೀಯ ಉದ್ಯಾನಗಳು ರೂಪುಗೊಂಡಾಗ, ಅದೇ ಬೆಟ್ಟವಿರುವ ಪೀಕ್ ಡಿಸ್ಟ್ರಿಕ್ಟ್ 1951ರಲ್ಲಿ ಮೊದಲನೆಯದಾಯಿತು. 2000ದ ಕಾಯಿದೆಯು ನಕ್ಷೆಯಲ್ಲಿ ಗುರುತಿಸಿದ ಬೆಟ್ಟ, ಬಯಲುಗಳಲ್ಲಿ ಕಾಲ್ನಡಿಗೆಯ ಹಕ್ಕನ್ನು ನೀಡಿತು. ಹೊಲಗಳ ನಡುವೆ ಹಾಯುವ ಸಾರ್ವಜನಿಕ ಕಾಲುದಾರಿಗಳನ್ನು ಹಳದಿ ಬಾಣದ ಗುರುತು ತೋರಿಸುತ್ತದೆ. ದಾರಿಯಲ್ಲಿ ಸಿಗುವ ಗೇಟನ್ನು ಇದ್ದಂತೆಯೇ ಬಿಡುವುದು, ಹಸು-ಕರುಗಳಿಂದ ದೂರವಿರುವುದು ಮಕ್ಕಳಿಗೆ ಮೊದಲು ಕಲಿಸುವ ಪಾಠಗಳು. 1895ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಟ್ರಸ್ಟ್ ಸಂಸ್ಥೆಯು ಹಳೆಯ ಬಂಗಲೆ, ತೋಟಗಳ ಜೊತೆಗೆ ಕರಾವಳಿಯ ಅನೇಕ ಭಾಗಗಳನ್ನೂ ಕಾಯ್ದುಕೊಂಡಿದೆ. ಅದರ ಅನೇಕ ಬಂಗಲೆಗಳಿಗೆ ಪ್ರವೇಶಶುಲ್ಕವಿದೆ, ಕಾಲುದಾರಿಗಳಿಗೆ ಇಲ್ಲ.