ಕಪಿಲಾ-ಕಾವೇರಿ ತೀರದ ಬಾಲಶಿಕ್ಷಣ

ಎಳೆಯ ಮಕ್ಕಳ ಮನಸ್ಸನ್ನು ಮೊಬೈಲ್ ಪರದೆಯಿಂದಲೂ ಜಾಹೀರಾತಿನ ಆಮಿಷದಿಂದಲೂ ದೂರವಿರಿಸಿ, ಮಣ್ಣು, ಮರ, ನೂಲು, ಹಾಡು, ಕಥೆಗಳ ನಡುವೆ ಬೆಳೆಸಬೇಕೆಂಬ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿದೆ. ಇದನ್ನೇ ಗುರಿಯಾಗಿಟ್ಟುಕೊಂಡ ‘ಪರ್ಯಾಯ ಶಾಲೆ’ಗಳು ನಗರಗಳ ಅಂಚಿನಲ್ಲಿ ತಲೆಯೆತ್ತುತ್ತಿವೆ. ಈ ವಿಚಾರ ಹೊರನಾಡಿನಿಂದ ಬಂದ ಹೊಸತೆಂದು ಕೆಲವರು ಭಾವಿಸಿದರೆ, ನಮ್ಮ ಹಿಂದಿನವರಲ್ಲಿ ಇದೆಲ್ಲವೂ ಇತ್ತೆಂದು ಮತ್ತೆ ಕೆಲವರು ಹೇಳುತ್ತಾರೆ. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಿಕ್ಷಣದ ಇತಿಹಾಸವನ್ನು ಪರಿಶೀಲಿಸಿದರೆ ಎರಡು ಮಾತುಗಳೂ ಪೂರ್ಣ ಸತ್ಯವಲ್ಲವೆಂಬುದು ವ್ಯಕ್ತವಾಗುತ್ತದೆ.

ನರಸೀಪುರ ತಾಲ್ಲೂಕಿನ ಸೋಮನಾಥಪುರವು ಇಂದು ಕೇಶವ ದೇವಾಲಯದ ಶಿಲ್ಪಕ್ಕಾಗಿ ಲೋಕವಿಖ್ಯಾತವಾಗಿದೆ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು 13ನೆಯ ಶತಮಾನದಲ್ಲಿ ಸ್ಥಾಪಿಸಿದ ಈ ಅಗ್ರಹಾರಕ್ಕೆ ‘ವಿದ್ಯಾನಿಧಿ ಪ್ರಸನ್ನ ಸೋಮನಾಥಪುರ’ವೆಂಬ ಹೆಸರಿತ್ತು. ವಿದ್ಯೆಯು ಸಂತೆಯ ಸರಕಾಗದಂತೆ ಭೂದಾನದ ಆಸರೆಯಲ್ಲಿ ಅದನ್ನು ಪೋಷಿಸುವ ಏರ್ಪಾಡು ಅಗ್ರಹಾರಗಳದು. ಆದರೆ ಆ ವಿದ್ಯಾನಿಧಿಯ ಬಾಗಿಲು ಅದೇ ಊರಿನ ಗದ್ದೆಯಲ್ಲಿ ದುಡಿಯುವವನ ಮಗನಿಗೆ ತೆರೆದಿರಲಿಲ್ಲ. ಮಗಳ ಮಾತಂತೂ ದೂರ. ಮಾರುಕಟ್ಟೆಯಿಂದ ಮುಕ್ತವಾದ ವಿದ್ಯೆಯೆಲ್ಲವೂ ಸರ್ವರಿಗೂ ಮುಕ್ತವಾದ ವಿದ್ಯೆಯಲ್ಲ ಎಂಬ ಮೊದಲ ಪಾಠವನ್ನು ನಾವು ಇಲ್ಲಿ ಕಲಿಯಬೇಕು.

ಹಳ್ಳಿಗಳಲ್ಲಿ ಅಕ್ಷರವನ್ನು ಉಳಿಸಿದುದು ಕೂಲಿಮಠ. ಗುಡಿಯ ಜಗಲಿಯಲ್ಲೋ, ಮಠದ ಪಡಸಾಲೆಯಲ್ಲೋ ಐಗಳು ಕುಳಿತು ಪಾಠ ಹೇಳುತ್ತಿದ್ದರು. ಊರವರು ಕೊಡುವ ದವಸಧಾನ್ಯವೇ ಅವರ ಜೀವನಾಧಾರ. ಬೆರಳಿನಿಂದ ಮರಳಿನ ಮೇಲೆ ಅಕ್ಷರ ತಿದ್ದುವುದು, ಮಗ್ಗಿಯನ್ನು ರಾಗವಾಗಿ ಒಪ್ಪಿಸುವುದು, ಮಹಾನವಮಿಯಲ್ಲಿ ಮನೆಮನೆಗೆ ಹೋಗಿ ಚೌಪದ ಹಾಡುವುದು ಅಲ್ಲಿನ ರೂಢಿ. ಕೈ, ಕಿವಿ, ಕಂಠಗಳೆಲ್ಲವೂ ಕಲಿಕೆಗೆ ಒದಗುತ್ತಿದ್ದುವೆಂಬುದು ಗಮನಾರ್ಹ. ಆದರೂ ಅದನ್ನು ಬಾಲ್ಯದ ನಂದನವನವೆಂದು ಬಣ್ಣಿಸಲಾಗದು. ತಪ್ಪಿದ ಹುಡುಗನನ್ನು ಹಗ್ಗಕ್ಕೆ ಜೋತುಬೀಳಿಸುವ ‘ಕೋದಂಡ’ದ ಶಿಕ್ಷೆಯೂ ಅದೇ ಜಗಲಿಯಲ್ಲಿತ್ತು. ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಅಲ್ಲಿಯೂ ಸ್ಥಳವಿರಲಿಲ್ಲ.

1868ರಲ್ಲಿ ಬಿ. ಎಲ್. ರೈಸ್ ಅವರು ಮೈಸೂರು ಸೀಮೆಗೆ ಹೋಬಳಿ ಶಾಲೆಗಳ ಯೋಜನೆಯನ್ನು ರೂಪಿಸಿದಾಗ ಜಗಲಿಯ ವಿದ್ಯೆ ಸರ್ಕಾರದ ಕಟ್ಟಡಕ್ಕೆ ಸಾಗುವ ಕಾಲ ಆರಂಭವಾಯಿತು. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಶಾಸನ ಬಂದಿತು. 1915ರಲ್ಲಿ ಸರ್ಕಾರಿ ಶಾಲೆಗಳಿಗೆ ಎಲ್ಲ ಜಾತಿಯ ಮಕ್ಕಳನ್ನೂ ಸೇರಿಸಿಕೊಳ್ಳಬೇಕೆಂಬ ಆಜ್ಞೆಯಾಯಿತು. ಅಗ್ರಹಾರವೂ ಕೂಲಿಮಠವೂ ಮಾಡದಿದ್ದ ಕಾರ್ಯವನ್ನು ರಾಜ್ಯಶಾಸನವು ಮಾಡಿತೆಂಬುದನ್ನು ಸರ್ಕಾರಿ ಶಾಲೆಯನ್ನು ಹಳಿಯುವವರು ಮರೆಯಬಾರದು.

ನಂಜನಗೂಡು ತಾಲ್ಲೂಕಿನ ಬದನವಾಳು ಮತ್ತು ತಗಡೂರುಗಳಲ್ಲಿ ಮತ್ತೊಂದು ಧಾರೆ ಹರಿಯಿತು. ತಗಡೂರು ರಾಮಚಂದ್ರರಾಯರು ಖಾದಿ ಮತ್ತು ಸತ್ಯಾಗ್ರಹಗಳ ಕಾರ್ಯಕ್ಕೆ ತಮ್ಮನ್ನು ಮುಡಿಪಾಗಿಟ್ಟರು. ಬದನವಾಳಿನ ನೂಲುವ ಕೇಂದ್ರಕ್ಕೆ ಗಾಂಧೀಜಿಯವರು ಭೇಟಿಯಿತ್ತರು. ಅನಂತರ 1937ರ ವಾರ್ಧಾ ಸಮ್ಮೇಳನದಲ್ಲಿ ಅವರು ಮುಂದಿಟ್ಟ ಮೂಲಶಿಕ್ಷಣದ ಯೋಜನೆಯ ತಿರುಳು ಇಷ್ಟೇ: ಮಾತೃಭಾಷೆಯಲ್ಲಿ, ಒಂದು ಕೈಗಸುಬನ್ನು ಕೇಂದ್ರವಾಗಿರಿಸಿಕೊಂಡು, ಏಳು ವರ್ಷಗಳ ಶಿಕ್ಷಣ. ಕೈಯ ದುಡಿಮೆಗೂ ತಲೆಯ ವಿದ್ಯೆಗೂ ನಡುವೆ ಇದ್ದ ಗೋಡೆಯನ್ನು ಕೆಡಹುವುದೇ ಅದರ ಉದ್ದೇಶ. ಕಾಯಕದ ತತ್ತ್ವವನ್ನು ಬಲ್ಲವರಿಗೆ ಈ ವಿಚಾರ ಅಪರಿಚಿತವೆನಿಸದು.

ಕಪಿಲಾ ತೀರದ ಸುತ್ತೂರಿನ ಪರಂಪರೆಯು ಈ ಚರಿತ್ರೆಗೆ ದಾಸೋಹದ ಮುಖವನ್ನು ಸೇರಿಸಿತು. ಹಳ್ಳಿಯ ಬಡ ಹುಡುಗನಿಗೆ ಶಾಲೆಯಿದ್ದರೂ ಅನ್ನವಿಲ್ಲ, ತಂಗಲು ನೆರಳಿಲ್ಲ ಎಂಬುದನ್ನು ಕಂಡ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು (1916-1986) ಮೈಸೂರಿನಲ್ಲಿ ವಿದ್ಯಾರ್ಥಿನಿಲಯವನ್ನು ತೆರೆದರು, 1954ರಲ್ಲಿ ಜೆ.ಎಸ್.ಎಸ್. ಮಹಾವಿದ್ಯಾಪೀಠವು ಸ್ಥಾಪಿತವಾಯಿತು. ಸುತ್ತೂರಿನಲ್ಲಿ ಇಂದು ನಡೆಯುತ್ತಿರುವ ಉಚಿತ ವಸತಿಶಾಲೆಗೆ ಹೊರರಾಜ್ಯಗಳ ಮಕ್ಕಳೂ ಬರುತ್ತಾರೆ. ಇಲ್ಲಿ ವಿದ್ಯೆಗೆ ಮೊದಲು ಅನ್ನದ ಪ್ರಶ್ನೆ ಬಂದುದು ಮಹತ್ತ್ವದ ಸಂಗತಿ. ಹಸಿದ ಮಗುವಿನ ಮುಂದೆ ಬಾಲ್ಯದ ಸೊಬಗನ್ನು ವರ್ಣಿಸುವುದು ವ್ಯರ್ಥ.

ಹೊರಜಗತ್ತಿನ ಪ್ರಯೋಗಗಳನ್ನು ನೋಡಿದರೂ ಇದೇ ಸತ್ಯ ಗೋಚರಿಸುತ್ತದೆ. 1907ರಲ್ಲಿ ಮಾರಿಯಾ ಮಾಂಟೆಸೊರಿಯವರು ಮೊದಲ ‘ಮಕ್ಕಳ ಮನೆ’ಯನ್ನು ತೆರೆದುದು ರೋಮ್ ನಗರದ ಬಡವರ ಕೇರಿಯಲ್ಲಿ. 1919ರಲ್ಲಿ ರುಡಾಲ್ಫ್ ಸ್ಟೈನರ್ ಅವರ ಮೊದಲ ವಾಲ್ಡಾರ್ಫ್ ಶಾಲೆ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಆರಂಭವಾದುದು ಸಿಗರೇಟು ಕಾರ್ಖಾನೆಯ ಕೆಲಸಗಾರರ ಮಕ್ಕಳಿಗಾಗಿ. ಇಂದು ನಮ್ಮ ನಗರಗಳಲ್ಲಿ ಈ ಹೆಸರುಗಳನ್ನು ಹೊತ್ತ ಎಷ್ಟೋ ಶಾಲೆಗಳ ಶುಲ್ಕವು ಕೂಲಿಕಾರನ ಕೈಗೆ ಎಟುಕುವಂಥದಲ್ಲ. ವ್ಯಾಪಾರದಿಂದ ಮಗುವನ್ನು ರಕ್ಷಿಸುವ ಕಾರ್ಯವೇ ವ್ಯಾಪಾರವಾಗುವ ಈ ವಿಪರ್ಯಾಸವನ್ನು ವಿಚಾರಶೀಲರು ಗಮನಿಸಬೇಕು.

2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಈ ಪ್ರಶ್ನೆ ಎಲ್ಲರ ಮನೆಬಾಗಿಲಿಗೂ ಬಂದಿತು. ಪರದೆಯೇ ಪಾಠಶಾಲೆಯಾಯಿತು, ಮೊಬೈಲ್ ಇಲ್ಲದ ಮನೆಯ ಮಗು ಶಾಲೆಯಿಂದಲೇ ಹೊರಗುಳಿಯಿತು. ಆಗ ಕರ್ನಾಟಕ ಸರ್ಕಾರವು ‘ವಿದ್ಯಾಗಮ’ ಕಾರ್ಯಕ್ರಮದ ಮೂಲಕ ಉಪಾಧ್ಯಾಯರನ್ನು ಮಕ್ಕಳಿದ್ದಲ್ಲಿಗೇ ಕಳುಹಿಸಿತು. ಮರದ ನೆರಳು, ಗುಡಿಯ ಜಗಲಿ, ಸಮುದಾಯ ಭವನಗಳು ಮತ್ತೆ ಶಾಲೆಗಳಾದುವು. ರೋಗದ ಭೀತಿಯಿಂದ ಅದೇ ವರ್ಷ ಅಕ್ಟೋಬರಿನಲ್ಲಿ ಅದು ನಿಂತಿತಾದರೂ, ಕೂಲಿಮಠದ ಜಗಲಿಯಲ್ಲಿ ಹಿಂದೆ ಸ್ಥಳವಿಲ್ಲದಿದ್ದ ಮಕ್ಕಳೂ ಈ ಬಾರಿ ಸರ್ಕಾರಿ ಶಾಲೆಯ ಹಕ್ಕುದಾರರಾಗಿಯೇ ಪಾಠಕ್ಕೆ ಬಂದುದು ಚರಿತ್ರೆಯ ಒಂದು ಮುನ್ನಡೆ.

ಮಗುವಿಗೆ ಬೇಕಾದುದು ಎದುರಿಗೆ ಕುಳಿತು ಹೆಸರು ಹಿಡಿದು ಕರೆಯುವ ಗುರು, ಕೈಗೆ ಒಗ್ಗುವ ಕೆಲಸ, ಹೊಟ್ಟೆ ತುಂಬ ಅನ್ನ, ಒಡನಾಡಲು ಎಲ್ಲ ಕೇರಿಯ ಗೆಳೆಯರು. ಇವುಗಳಲ್ಲಿ ಒಂದೊಂದನ್ನು ಒಂದೊಂದು ಕಾಲ ಕೊಟ್ಟಿದೆ. ನಾಲ್ಕನ್ನೂ ಒಟ್ಟಿಗೆ, ಎಲ್ಲ ಮಕ್ಕಳಿಗೂ ಕೊಟ್ಟ ಕಾಲ ಇನ್ನೂ ಬಂದಿಲ್ಲ. ಪರದೆಯನ್ನು ಆರಿಸುವುದು ಸುಲಭ. ಆರಿಸಿದ ಮೇಲೆ ಮಗುವಿನ ಮುಂದೆ ಯಾರು ಕುಳಿತುಕೊಳ್ಳುವರು, ಅದರ ಪಕ್ಕದಲ್ಲಿ ಯಾರ ಮಗು ಕುಳಿತುಕೊಳ್ಳುವುದು ಎಂಬೆರಡು ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಶಾಲೆಯೇ ನಿಜವಾದ ಪರ್ಯಾಯ ಶಾಲೆ. ಅಂಥ ಶಾಲೆ ಉಳ್ಳವರ ಮಕ್ಕಳಿಗೆ ಮಾತ್ರ ಮೀಸಲಾದರೆ, ನಾವು ಕಟ್ಟಿದುದು ಮತ್ತೊಂದು ಅಗ್ರಹಾರವಷ್ಟೇ ಆದೀತು.