ಚಲನಮಸುಕು (ಡಿಜಿಟಲ್ ಛಾಯಾಚಿತ್ರಗಳಲ್ಲಿ)

ಚಲಿಸುವ ವಸ್ತುವಿನ ಬಿಂಬ ಛಾಯಾಚಿತ್ರದಲ್ಲಿ ಚಲನೆಯ ದಿಕ್ಕಿಗೆ ಎಳೆದಂತೆ ಮೂಡುವುದೇ ಚಲನಮಸುಕು. ಛಾಯಾಗ್ರಾಹಕರು ಇದನ್ನು ಮೋಷನ್ ಬ್ಲರ್ ಎಂದೇ ಕರೆಯುತ್ತಾರೆ. ಗಂಟೆಗೆ 60 ಕಿ.ಮೀ. ವೇಗದ ಕಾರು 1/60 ಸೆಕೆಂಡಿನಲ್ಲಿ ಸುಮಾರು 28 ಸೆಂ.ಮೀ. ಮುಂದೆ ಸರಿದಿರುತ್ತದೆ, 1/1000 ಸೆಕೆಂಡಿನಲ್ಲಿ 2 ಸೆಂ.ಮೀ.ಗೂ ಕಡಿಮೆ. ಷಟರ್ ಅಷ್ಟು ಬೇಗ ಮುಚ್ಚಿದರೆ ಕಾರು ನಿಚ್ಚಳವಾಗಿ ಸಿಗುತ್ತದೆ, ಆದರೆ ಓಡುತ್ತಿತ್ತೋ ನಿಂತಿತ್ತೋ ತಿಳಿಯುವುದಿಲ್ಲ. ಕ್ಯಾಮೆರಾ ದಾಖಲಿಸದೆ ಬಿಟ್ಟ ಈ ವೇಗವನ್ನು ಆಮೇಲೆ ಕಂಪ್ಯೂಟರಿನಲ್ಲಿ ಕಟ್ಟಿಕೊಡುವ ವಿಧಾನಗಳು ಹಲವು.

ಮಸುಕನ್ನು ದೋಷವೆಂದು ಕಂಡ ಕಾಲವೇ ದೀರ್ಘ. 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲು ಕ್ಯಾಮೆರಾಗಳಿಂದ ಓಡುವ ಕುದುರೆಯನ್ನು ಸೆರೆಹಿಡಿದಾಗ ಜನ ಬೆರಗಾದದ್ದು ನಾಲ್ಕೂ ಕಾಲು ನೆಲ ಬಿಟ್ಟ ಕ್ಷಣ ಕಂಡದ್ದಕ್ಕೆ. 20ನೇ ಶತಮಾನದ ಆರಂಭದಲ್ಲಿ ಇಟಲಿಯ ಆಂಟನ್ ಜೂಲಿಯೊ ಬ್ರಗಾಲಿಯಾ ಇದಕ್ಕೆ ತದ್ವಿರುದ್ಧ ನಿಲುವು ತಳೆದು, ಅಂಗಾಂಗ ಸರಿದ ಜಾಡನ್ನೇ ಚಿತ್ರದ ವಸ್ತುವಾಗಿಸಿದ. ಚಲಿಸುವ ವಸ್ತುವಿನ ಜತೆಗೇ ಕ್ಯಾಮೆರಾ ತಿರುಗಿಸಿ ಹಿನ್ನೆಲೆಯನ್ನು ಮಾತ್ರ ಗೆರೆಗೆರೆಯಾಗಿಸುವ ಪ್ಯಾನಿಂಗ್ ಮುಂದೆ ಕ್ರೀಡಾ ಛಾಯಾಗ್ರಹಣದ ನಿತ್ಯದ ತಂತ್ರವಾಯಿತು. ಡಿಜಿಟಲ್ ಸಂಕಲನಕಾರರು ಬಹುಪಾಲು ಅನುಕರಿಸುವುದು ಇದನ್ನೇ.

ಸಾಮಾನ್ಯ ಮೋಷನ್ ಬ್ಲರ್ ಫಿಲ್ಟರ್ ಕೇಳುವುದು ಎರಡೇ ಸಂಗತಿ: ಕೋನ ಮತ್ತು ದೂರ. ಆ ಕೋನದ ಗೆರೆಯ ಮೇಲೆ ಬರುವ ಪಿಕ್ಸೆಲ್‌ಗಳ ಸರಾಸರಿ ತೆಗೆದು ಪ್ರತಿ ಪಿಕ್ಸೆಲ್‌ಗೂ ಹೊಸ ಬೆಲೆ ಕೊಡುತ್ತದೆ. ಇಡೀ ಚಿತ್ರಕ್ಕೆ ಇದನ್ನು ಹಾಕಿದರೆ ಕಾರು ಓಡಿದಂತಿರದೆ ತೆಗೆದವರ ಕೈ ನಡುಗಿದಂತೆ ಕಾಣುತ್ತದೆ. ಆದ್ದರಿಂದ ಮೊದಲು ತೀರ್ಮಾನವಾಗಬೇಕಾದದ್ದು ಚಲಿಸಿದ್ದು ಯಾವುದು ಎಂಬುದು. 1994ರ ಫೋಟೋಶಾಪ್ 3.0ರಲ್ಲಿ ಲೇಯರ್‌ಗಳು ಬಂದ ಮೇಲೆ ವಸ್ತುವನ್ನೂ ಹಿನ್ನೆಲೆಯನ್ನೂ ಬೇರ್ಪಡಿಸಿ ಮಸುಕುಗೊಳಿಸುವುದು ಸಲೀಸಾಯಿತು. ಆದರೂ ಹಲವರು ಎಡವುವುದು ಇಲ್ಲೇ: ಹಿನ್ನೆಲೆಯ ಲೇಯರಿನಲ್ಲಿ ವಸ್ತುವನ್ನು ಹಾಗೆಯೇ ಉಳಿಸಿದರೆ ಅದರ ಬಣ್ಣ ಸುತ್ತಲೂ ಸೋರಿ ಪ್ರಭಾವಳಿಯಂತೆ ನಿಲ್ಲುತ್ತದೆ. ವಸ್ತುವನ್ನು ಕತ್ತರಿಸಿ ತೆಗೆದು, ಆ ಜಾಗವನ್ನು ಸುತ್ತಲಿನ ಹಿನ್ನೆಲೆಯಿಂದ ತುಂಬಿ, ಮಸುಕು ಹಾಕಿದ ನಂತರವೇ ಮತ್ತೆ ಕೂರಿಸಬೇಕು.

ಚಕ್ರಗಳದ್ದು ಬೇರೆಯೇ ಕಥೆ. ರಸ್ತೆ ಹಿಂದಕ್ಕೆ ಹರಿಯುತ್ತಿದ್ದು ಚಕ್ರದ ಕಡ್ಡಿಗಳು ಎಣಿಸುವಷ್ಟು ಸ್ಪಷ್ಟವಿದ್ದರೆ ಕಣ್ಣು ನಂಬುವುದಿಲ್ಲ. 2014ರಲ್ಲಿ ಫೋಟೋಶಾಪ್‌ಗೆ ಸೇರಿದ ಸ್ಪಿನ್ ಬ್ಲರ್, ಓರೆಯಾಗಿ ಕಾಣುವ ಚಕ್ರದ ಅಂಡಾಕಾರಕ್ಕೂ ಹೊಂದುತ್ತದೆ. ಜತೆಗೇ ಬಂದ ಪಾತ್ ಬ್ಲರ್ ಬಾಗಿದ ದಾರಿಗಳಿಗೆ. ಕಂಬಳದ ಚಿತ್ರಗಳಲ್ಲಿ ಕಷ್ಟ ಇನ್ನೂ ಹೆಚ್ಚು. ಕೋಣಗಳು ಮುನ್ನುಗ್ಗಿದರೆ ಕೆಸರುನೀರು ಎಲ್ಲ ದಿಕ್ಕಿಗೂ ಚಿಮ್ಮುತ್ತದೆ. ಗಾಳಿಯಲ್ಲಿ ಹೆಪ್ಪುಗಟ್ಟಿದಂತಿರುವ ಹನಿಗಳ ಹಿಂದೆ ಉದ್ದ ಗೆರೆಗಳ ಹಿನ್ನೆಲೆ ಇಟ್ಟರೆ ಒಂದೇ ಚಿತ್ರದಲ್ಲಿ ಎರಡು ಷಟರ್ ವೇಗ ಸೇರಿಕೊಂಡಂತಾಗುತ್ತದೆ. ಯಾವ ಒಂದು ಕೋನವೂ ಇದನ್ನು ಸರಿಪಡಿಸದು.

ಬೆಳಕಿನ ಲೆಕ್ಕವೂ ಇದೆ. ನಿಜವಾದ ದೀರ್ಘ ಎಕ್ಸ್‌ಪೋಷರಿನಲ್ಲಿ ವಾಹನದ ದೀಪ ಪ್ರಖರ ಗೆರೆ ಬಿಡುತ್ತದೆ. 8 ಬಿಟ್ ಚಿತ್ರದಲ್ಲಿ ಆ ಪ್ರಖರತೆ ಮೊದಲೇ ಬಿಳಿಗೆ ಕತ್ತರಿಸಿಹೋಗಿರುವುದರಿಂದ ಸರಾಸರಿ ತೆಗೆದಾಗ ಬೂದು ಪಟ್ಟಿಯಷ್ಟೇ ಸಿಗುತ್ತದೆ.

ಫಿಲ್ಟರಿನ ಬದಲು ಹಲವು ಚಿತ್ರಗಳ ಸರಾಸರಿ ತೆಗೆಯುವ ವಿಧಾನ ಜಲಪಾತ, ಮೋಡಗಳಿಗೆ ಚೆನ್ನಾಗಿ ಒಗ್ಗುತ್ತದೆ. ಅಲ್ಲಿನ ಚಲನೆ ಊಹೆಯದಲ್ಲ, ನಿಜವಾಗಿ ದಾಖಲಾದದ್ದು. 2017ರ ಐಒಎಸ್ 11ರಲ್ಲಿ ಲೈವ್ ಫೋಟೋಗಳಿಗೆ ಇಂಥ ದೀರ್ಘ ಎಕ್ಸ್‌ಪೋಷರ್ ಪರಿಣಾಮ ಬಂತು. 2021ರ ಗೂಗಲ್ ಪಿಕ್ಸೆಲ್ 6 ಪ್ಯಾನಿಂಗನ್ನೂ ತಾನೇ ಮಾಡತೊಡಗಿತು.

ಸುದ್ದಿಚಿತ್ರಗಳಿಗೆ ಈ ಸ್ವಾತಂತ್ರ್ಯವಿಲ್ಲ. ರಾಯ್ಟರ್ಸ್ ಸುದ್ದಿಸಂಸ್ಥೆಯ ನಿಯಮಗಳು ಮಸುಕುಗೊಳಿಸುವುದನ್ನು ನಿಷೇಧಿಸುತ್ತವೆ. ಜಾಹೀರಾತಿನಲ್ಲಿ ಅಡ್ಡಿಯಿಲ್ಲ. ಆದರೂ ಕಾರು ಜಾಹೀರಾತುಗಳಲ್ಲಿ ವಾಹನಕ್ಕೇ ಉದ್ದನೆಯ ಕಂಬಿಯಿಂದ ಕ್ಯಾಮೆರಾ ಬಿಗಿದು, ನಡಿಗೆಯ ವೇಗದಲ್ಲಿ ತಳ್ಳುತ್ತ ಕೆಲವು ಸೆಕೆಂಡುಗಳ ಎಕ್ಸ್‌ಪೋಷರ್ ತೆಗೆಯುವ ಪದ್ಧತಿಯಿದೆ. ಆಗ ರಸ್ತೆಯೂ ಚಕ್ರವೂ ತಾವಾಗಿಯೇ ಮಸುಕಾಗುತ್ತವೆ, ಸಂಕಲನಕಾರರಿಗೆ ಉಳಿಯುವುದು ಕಂಬಿಯನ್ನು ಅಳಿಸುವ ಕೆಲಸ.