ಬಡವಾಗುವುದು: ನಮ್ಮ ಸೀಮೆಯ ತೂಕದ ಕಥೆ

ಕಳೆದ ತಿಂಗಳು ಮಧುಗಿರಿಯ ಬಸ್ ನಿಲ್ದಾಣದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ನನ್ನನ್ನು ಗುರುತಿಸಿ ಹತ್ತಿರ ಬಂದರು. "ಯಾಕೆ ಮೇಷ್ಟ್ರೇ, ಇಷ್ಟು ಬಡವಾಗಿದ್ದೀರಿ? ಮೈಗೆ ಹುಷಾರಿಲ್ವಾ?" ಎಂದು ಕಳವಳದಿಂದ ಕೇಳಿದರು. ಎಂಟು ತಿಂಗಳು ಪ್ರಯಾಸಪಟ್ಟು ಐದು ಕಿಲೋ ಇಳಿಸಿಕೊಂಡಿದ್ದ ನನಗೆ ಅದು ಹೆಮ್ಮೆಪಡಬೇಕಾದ ಗಳಿಗೆ. ಆದರೆ ಆ ತಾಯಿಯ ಕಣ್ಣಿನಲ್ಲಿ ಇದ್ದದ್ದು ಮೆಚ್ಚುಗೆಯಲ್ಲ, ಮರುಕ.

ಮನೆಗೆ ಬಂದ ಮೇಲೆ ಆ ಒಂದು ಮಾತು ನನ್ನನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ನಮ್ಮ ಕಡೆಯ ಮಾತಿನಲ್ಲಿ ಮೈ ಇಳಿಯುವುದಕ್ಕೂ ಸಿರಿ ಇಳಿಯುವುದಕ್ಕೂ ಇರುವುದು ಒಂದೇ ಶಬ್ದ: ಬಡವಾಗುವುದು. ಹೊಟ್ಟೆ ಬಂದವನನ್ನು 'ಮೈ ತುಂಬಿಕೊಂಡಿದ್ದಾನೆ' ಎಂದು ಹೊಗಳುತ್ತೇವೆ. ಸಣ್ಣಗಾದವನನ್ನು 'ಸೊರಗಿದ್ದಾನೆ' ಎಂದು ಮರುಗುತ್ತೇವೆ. ಹೀಗೆ ಮಾತನಾಡುವ ಜನ ಯಾವ ಕಾಲವನ್ನು ದಾಟಿ ಬಂದಿರಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುವ ಸಣ್ಣ ಯತ್ನ ಈ ಬರಹ. ಜೊತೆಗೆ, ಪ್ರತಿದಿನ ಹೋಟೆಲಿನ ಮತ್ತು ಗಾಡಿಯ ತಿಂಡಿ ತಿನ್ನುತ್ತಲೇ ನಾನು ತೂಕ ಇಳಿಸಹೊರಟ ವೃತ್ತಾಂತವೂ ಇದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ: ಈ ನಾಲ್ಕು ತಾಲ್ಲೂಕುಗಳೂ ಸೇರಿ ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆ. ನನ್ನ ಸೇವಾವಧಿಯೆಲ್ಲ ಈ ನಾಲ್ಕರೊಳಗೇ ವರ್ಗವಾಗುತ್ತ ಕಳೆಯಿತು. ಕೊರಟಗೆರೆಯ ಜಯಮಂಗಲಿಯ ದಂಡೆಯಲ್ಲಿ ಒಂದಿಷ್ಟು ಹಸಿರು. ಉಳಿದೆಡೆ ಬಂಡೆ, ಕೆಮ್ಮಣ್ಣು, ನಂಬಿಕೆಗೆ ಸಿಗದ ಮಳೆ. ಈ ಸೀಮೆಯ ಇತಿಹಾಸವೆಂದರೆ ಮಧುಗಿರಿಯ ಕೋಟೆ, ಶಿರಾದ ಮೊಗಲ್ ಸುಬೇದಾರರು ಎಂದು ತರಗತಿಯಲ್ಲಿ ನಾನೇ ಪಾಠ ಹೇಳಿದ್ದೇನೆ. ಆದರೆ ಇಲ್ಲಿಯ ಜನರ ಮೈಯಲ್ಲಿ ಬರೆದಿರುವ ಇತಿಹಾಸ ಬೇರೆ. ಅದು ಬರದ ಇತಿಹಾಸ.

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಹಿಂಡಿದ ಮಹಾಕ್ಷಾಮವನ್ನು ಹಿರಿಯರು ಸಂವತ್ಸರಗಳ ಹೆಸರು ಹಿಡಿದು 'ಧಾತು ಈಶ್ವರ ಬರ' ಎನ್ನುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷವನ್ನು ದಾಟಿತ್ತು. 1881ರ ಗಣತಿಯ ಹೊತ್ತಿಗೆ ಅದು 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಆ ಬರದಲ್ಲಿ ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ ಅಳಿದರೆಂದು ಅಂದಾಜು. ಅಂದರೆ ಐವರಲ್ಲಿ ಒಬ್ಬರು.

ಆ ಕ್ಷಾಮದ ಒಂದು ಸಂಗತಿ ನನ್ನ ತೂಕದ ಲೆಕ್ಕಕ್ಕೆ ನೇರವಾಗಿ ಸಂಬಂಧಿಸಿದ್ದು. ಪಾವಗಡ ಮೈಸೂರಿಗೆ ಸೇರಿದ್ದರೂ ಅದರ ನೆರೆಯ ಮಡಕಶಿರಾ, ಪೆನುಕೊಂಡ ಸೀಮೆಗಳು ಮದರಾಸು ಪ್ರಾಂತ್ಯದಲ್ಲಿದ್ದವು. ಭಾರತ ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ಆ ಪ್ರಾಂತ್ಯದ ಬರಪರಿಹಾರದ ಕಾಮಗಾರಿಗಳಿಗೆ ಕೂಲಿ ಗೊತ್ತುಮಾಡಿದರು. ಕಲ್ಲು ಒಡೆದು ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಮೇಲೊಂದು ಆಣೆ. ಒಂದು ಪೌಂಡೆಂದರೆ ಸುಮಾರು 450 ಗ್ರಾಂ. ಮದರಾಸಿನ ಸ್ಯಾನಿಟರಿ ಕಮಿಷನರ್ ಆಗಿದ್ದ ಡಾ. ಕಾರ್ನಿಶ್ ಇದು ದುಡಿಯುವ ಮನುಷ್ಯನ ಜೀವ ಹಿಡಿಯಲಾರದೆಂದು ವಿರೋಧಿಸಿದರು. ಅದೇ ವರ್ಷ ಕೂಲಿಯನ್ನು ಏರಿಸಬೇಕಾಯಿತು.

ಈಗ ಲೆಕ್ಕ ಮಾಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ. ಅಂದರೆ ಟೆಂಪಲ್ಲರ ಧಾನ್ಯ ರಾಗಿಯಾದರೆ 1450 ಕ್ಯಾಲೊರಿಯ ಆಸುಪಾಸು, ಅಕ್ಕಿಯಾದರೆ 1600. ನನಗೆ ತೂಕ ಇಳಿಸಲು ಹೇಳಿದ ವೈದ್ಯರು ಚೀಟಿಯಲ್ಲಿ ಬರೆದುಕೊಟ್ಟದ್ದು ದಿನಕ್ಕೆ 1600 ಕ್ಯಾಲೊರಿ. ಆ ಅಂಕಿಯನ್ನು ನೋಡಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಒಂದು ತಲೆಮಾರಿನ ಜನರಿಗೆ ಸಾವಿನ ಅಂಚಿನಲ್ಲಿ ಅಳೆದುಕೊಟ್ಟ ಧಾನ್ಯಕ್ಕೂ ಇಂದು ಕುರ್ಚಿಯ ಮೇಲೆ ಕುಳಿತ ನನಗೆ ಔಷಧವಾಗಿ ಬರೆದುಕೊಟ್ಟ ಪ್ರಮಾಣಕ್ಕೂ ಹೆಚ್ಚಿನ ಅಂತರವಿಲ್ಲ. ವ್ಯತ್ಯಾಸವಿರುವುದು ಗುದ್ದಲಿಯಲ್ಲಿ ಮತ್ತು ಕುರ್ಚಿಯಲ್ಲಿ.

ಬೇಗನೆ ತಿಂದು ಮುಗಿಸುವ ತಿಂಡಿ ಇಂದಿನ ಆವಿಷ್ಕಾರವೆಂದು ಭಾವಿಸುವವರಿದ್ದಾರೆ. ಹಾಗೇನಿಲ್ಲ. ನಮ್ಮ ಹಿರಿಯರು ಹೊಲಕ್ಕೆ ಹೋಗುವಾಗ ರಾಗಿಯ ಹುರಿಹಿಟ್ಟನ್ನು ಗಂಟು ಕಟ್ಟಿಕೊಳ್ಳುತ್ತಿದ್ದರು. ಮಜ್ಜಿಗೆಯಲ್ಲಿ ಕಲಸಿದರೆ ಎರಡು ನಿಮಿಷದ ಊಟ. ರಾತ್ರಿಯ ತಂಗಳು ಮುದ್ದೆ, ಪುರಿ, ಬೆಲ್ಲದ ಜೊತೆ ಕಡಲೆಕಾಯಿ, ಇವೂ ಅಷ್ಟೇ. ಅವುಗಳಲ್ಲಿ ಕಡಲೆಕಾಯಿ ಬೆಲ್ಲ ಇಂದಿನ ಯಾವ ತಿಂಡಿಗೂ ಕ್ಯಾಲೊರಿಯಲ್ಲಿ ಕಡಿಮೆಯದಲ್ಲ. ಆದರೂ ಅವರು ದಪ್ಪಗಾಗಲಿಲ್ಲ. 'ಹಿಟ್ಟು ತಿಂದು ಬೆಟ್ಟ ಕಿತ್ತಿಟ್ಟ' ಎಂಬ ಗಾದೆಯ ಮೊದಲ ಅರ್ಧವನ್ನು ಮಾತ್ರ ಹೇಳಿ ನಾವು ರಾಗಿಯನ್ನು ಹೊಗಳುತ್ತೇವೆ. ಬೆಟ್ಟ ಕಿತ್ತಿಟ್ಟ ಉಳಿದರ್ಧವನ್ನು ಮರೆಯುತ್ತೇವೆ.

ನಾನು ಮೇಷ್ಟ್ರಾಗಿ ಸೇರಿದ 1970ರ ದಶಕದಲ್ಲಿ ಹಸಿವು ಇನ್ನೂ ತರಗತಿಯ ಒಳಗೇ ಕುಳಿತಿರುತ್ತಿತ್ತು. ಅಮೆರಿಕದ ನೆರವಿನಿಂದ ಬಂದ ಹಳದಿ ಬಣ್ಣದ ರವೆಯ ಉಪ್ಪಿಟ್ಟು, ಹಾಲಿನ ಪುಡಿಯ ಹಾಲು ಶಾಲೆಗಳಲ್ಲಿ ಹಂಚಿಕೆಯಾಗುತ್ತಿದ್ದವು. ಆ ಉಪ್ಪಿಟ್ಟಿನ ವಾಸನೆ ಬರುತ್ತಲೇ ಮಗ್ಗಿಯ ಧ್ವನಿ ತಪ್ಪುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಸೌಟು ಹಿಡಿದು ಬಡಿಸುವಾಗ ಎಲೆಗೆ ಬಿದ್ದದ್ದು ಪಕ್ಕದವನಿಗಿಂತ ಕಡಿಮೆಯಾಯಿತೋ ಎಂದು ಅಳೆಯುತ್ತಿದ್ದ ಆ ಕಣ್ಣುಗಳನ್ನು ನಾನು ಮರೆತಿಲ್ಲ. ಅದೇ ಕಾಲದಲ್ಲಿ, ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ತಯಾರಿಸಿದ 'ಇಂಡಾಫ್' ತಳಿಗಳು ಹೊಲಗಳಿಗೆ ಬಂದವು. ಇಳುವರಿ ಏರಿತು. ಮುಂದೆ ಪಡಿತರದ ಅಕ್ಕಿ, ಶಾಲೆಯ ಅಕ್ಷರ ದಾಸೋಹ ಬಂದವು. ಹಸಿವು ನಿಧಾನವಾಗಿ ಹಿಂದೆ ಸರಿಯಿತು. ಇದು ನಮ್ಮ ಕಾಲದ ದೊಡ್ಡ ಸಾಧನೆ. ತೂಕದ ಚಿಂತೆಯಲ್ಲಿ ಅದನ್ನು ಹಗುರಾಗಿ ಕಾಣಬಾರದು.

ಹಸಿವು ಸರಿದ ಬೆನ್ನಿಗೇ ಬೆವರೂ ಸರಿಯಿತು. ಏತ, ಕಪಿಲೆಗಳ ಜಾಗಕ್ಕೆ ಪಂಪುಸೆಟ್ಟು ಬಂದಿತು. ಬೀಸುವ ಕಲ್ಲಿನ ಕೆಲಸವನ್ನು ಹಿಟ್ಟಿನ ಗಿರಣಿ ವಹಿಸಿಕೊಂಡಿತು. 2001ರಲ್ಲಿ ಕೆಲಸ ಆರಂಭವಾದ ಸುವರ್ಣ ಚತುಷ್ಕೋನದ ಹೆದ್ದಾರಿ ಶಿರಾದ ಮಗ್ಗುಲಲ್ಲೇ ಹಾದುಹೋಗಿ, ದಾರಿಯುದ್ದಕ್ಕೂ ತಿಂಡಿಯ ಅಂಗಡಿಗಳನ್ನು ತಂದಿತು. ಪಾವಗಡದ ತಿರುಮಣಿಯ ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ, ಹಿಂದೆ ಕಡಲೆಕಾಯಿ ಬಿತ್ತುತ್ತಿದ್ದ ನೆಲದಲ್ಲಿ, ಈಗ ಸೌರಫಲಕಗಳು ಬಿಸಿಲು ಕುಡಿಯುತ್ತಿವೆ. ಭೂಮಿ ಗುತ್ತಿಗೆಯ ಹಣ ತರುತ್ತದೆ. ರೈತನ ತೋಳಿಗೆ ಅಲ್ಲಿ ಕೆಲಸವಿಲ್ಲ.

ತಿಂಡಿಯೂ ಬದಲಾಯಿತು. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ 'ಕೆಫೆ ದರ್ಶಿನಿ' ಆರಂಭವಾಗಿ, ನಿಂತು ತಿನ್ನುವ ಹೋಟೆಲಿನ ಕ್ರಮ ಎಲ್ಲೆಡೆ ಹರಡಿತು. 1995ರಲ್ಲಿ ಅಮೆರಿಕದ ಕೆಂಟಕಿ ಚಿಕನ್ ಅಂಗಡಿ ಬ್ರಿಗೇಡ್ ರಸ್ತೆಯಲ್ಲಿ ಬಾಗಿಲು ತೆರೆದಾಗ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘ ಅದನ್ನು ವಿರೋಧಿಸಿತು. 1996ರ ಜನವರಿ 30ರಂದು ಕಾರ್ಯಕರ್ತರು ಅಂಗಡಿಗೆ ನುಗ್ಗಿದರು. ಶಿಕ್ಷಕರ ಕೊಠಡಿಯಲ್ಲಿ ನಾವು ಅದರ ಬಗ್ಗೆ ಬಿಸಿಯಾಗಿ ಚರ್ಚಿಸಿದ್ದೆವು. ಚರ್ಚಿಸುತ್ತಿದ್ದಾಗ ನಮ್ಮ ಕೈಯಲ್ಲಿ ಖಾರಾ ಬನ್ನು, ಮುಂದೆ ಬೋಂಡದ ತಟ್ಟೆ. ಶತ್ರು ಬ್ರಿಗೇಡ್ ರಸ್ತೆಯಲ್ಲಿದ್ದಾನೆಂದು ನಾವು ನೋಡುತ್ತಿರುವಾಗ ನಮ್ಮೂರಿಗೆ 'ಫಾಸ್ಟ್ ಫುಡ್' ಎಂಬ ಕೆಂಪಕ್ಷರದ ಬೋರ್ಡು ಹೊತ್ತ ತಳ್ಳುಗಾಡಿಯಾಗಿ ಬಂತು: ಗೋಬಿ ಮಂಚೂರಿ, ಎಗ್ ರೈಸ್, ಪಾನಿಪುರಿ. ಗೋಬಿಯ ಆ ಕೆಂಪು ಎಷ್ಟು ಬೆಳೆಯಿತೆಂದರೆ 2024ರ ಮಾರ್ಚಿಯಲ್ಲಿ ರಾಜ್ಯ ಸರ್ಕಾರ ಅದರಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಬೇಕಾಯಿತು.

ಇನ್ನು ನನ್ನ ಕಥೆ. ಮನೆಯಾಕೆ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಸಂಜೆಯ ಒಲೆ ಹೊತ್ತುವುದು ನಿಂತಿತು. ಬೆಳಗಿನ ಅನ್ನ ಸಾರು ಮಾಡಿಕೊಳ್ಳಬಲ್ಲೆ. ಆದರೆ ಸಂಜೆ ಆರರ ಹೊತ್ತಿಗೆ ಆ ಮನೆಯಲ್ಲಿ ಕುಳಿತಿರಲಾರೆ. ಪೇಟೆಗೆ ಹೋಗಿ, ಇಬ್ಬರು ಮೂವರು ನಿವೃತ್ತ ಗೆಳೆಯರೊಡನೆ ತಿಂಡಿ ತಿಂದು, ಒಂದು ಗಂಟೆ ಮಾತಾಡಿ ಬರುವುದೇ ನನ್ನ ದಿನದ ಬೆಳಕು. ತೂಕ 82 ಕಿಲೋ ಮುಟ್ಟಿತು, ರಕ್ತದ ಸಕ್ಕರೆ ಏರಿತು. ವೈದ್ಯರು "ಹೊರಗಿನ ತಿಂಡಿ ಪೂರ್ತಿ ಬಿಡಿ" ಎಂದರು. ಬಿಟ್ಟೆ. ಹತ್ತೊಂಬತ್ತು ದಿನ ಬಿಟ್ಟೆ. ಇಪ್ಪತ್ತನೆಯ ದಿನ ನನಗೆ ಬೇಕಾಗಿದ್ದದ್ದು ಬೋಂಡವಲ್ಲ, ಆ ಮೇಜು ಎಂಬುದು ಅರಿವಾಯಿತು. ಮೇಜನ್ನು ಬಿಡದೆ ತೂಕ ಇಳಿಸುವ ದಾರಿ ಇದೆಯೇ?

ಮಕ್ಕಳ ನೆರವಿನಿಂದ ಹುಡುಕಿದಾಗ ನಮ್ಮ ವೃತ್ತಿಯವರೇ ಒಬ್ಬರು ಸಿಕ್ಕರು. ಅಮೆರಿಕದ ಅಯೋವಾ ಪ್ರಾಂತ್ಯದ ವಿಜ್ಞಾನದ ಮೇಷ್ಟ್ರು ಜಾನ್ ಸಿಸ್ನಾ 2013ರಲ್ಲಿ 90 ದಿನ ಮೂರು ಹೊತ್ತೂ ಮೆಕ್‌ಡೊನಾಲ್ಡ್ಸ್ ತಿಂಡಿಯನ್ನೇ ತಿಂದರು. ಆದರೆ ದಿನಕ್ಕೆ 2000 ಕ್ಯಾಲೊರಿ ಮೀರುವಂತಿಲ್ಲ. ಏನು ತಿನ್ನಬೇಕೆಂದು ಲೆಕ್ಕ ಹಾಕಿಕೊಡುವವರು ಅವರ ವಿದ್ಯಾರ್ಥಿಗಳು. ಜೊತೆಗೆ ದಿನವೂ 45 ನಿಮಿಷ ನಡಿಗೆ. ಅವರು 37 ಪೌಂಡು, ಅಂದರೆ ಸುಮಾರು 17 ಕಿಲೋ ಕಳೆದುಕೊಂಡರು. ಮುಂದೆ ಆ ಕಂಪನಿಯೇ ಅವರನ್ನು ತನ್ನ ಪ್ರಚಾರಕ್ಕೆ ಬಳಸಿಕೊಂಡಿತೆಂಬುದನ್ನೂ ಮರೆಯಬಾರದು. ಇದಕ್ಕೆ ಪ್ರತಿಯಾಗಿ 2019ರಲ್ಲಿ ಪ್ರಕಟವಾದ ಕೆವಿನ್ ಹಾಲ್ ಅವರ ಪ್ರಯೋಗವಿದೆ. ಇಪ್ಪತ್ತು ಜನರನ್ನು ಆಸ್ಪತ್ರೆಯಲ್ಲಿರಿಸಿ, ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಎರಡು ವಾರ ಸಾದಾ ಆಹಾರ ಕೊಟ್ಟು, ಬೇಕಾದಷ್ಟು ತಿನ್ನಿ ಎಂದರು. ಸಿದ್ಧ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ತೂಕ ಸುಮಾರು ಒಂದು ಕಿಲೋ ಏರಿತು. ಸಾದಾ ಆಹಾರದಲ್ಲಿ ಅಷ್ಟೇ ಇಳಿಯಿತು.

ಎರಡನ್ನೂ ಒಟ್ಟಿಗೆ ಓದಿದರೆ ಪಾಠ ಸ್ಪಷ್ಟ. ಅಳತೆ ಇದ್ದರೆ ಗಾಡಿಯ ತಿಂಡಿ ತಿಂದೂ ತೂಕ ಇಳಿಯುತ್ತದೆ. ಆದರೆ ಆ ತಿಂಡಿಯ ಗುಣವೇ ಅಳತೆಯನ್ನು ಮರೆಸುವುದು. ಆದ್ದರಿಂದ ಅಳತೆಯನ್ನು ತಿನ್ನುವ ಮೊದಲೇ ಕಟ್ಟಬೇಕು, ತಿನ್ನುತ್ತ ಕಟ್ಟಲಾಗದು.

ನಡಿಗೆಯೊಂದೇ ಸಾಕೆಂದು ನಂಬಿದ್ದ ನಾನು ಒಂದು ಲೆಕ್ಕ ಹಾಕಿದೆ. ಮಧುಗಿರಿಯ ಬೆಟ್ಟದ ತುದಿ ಊರಿಗಿಂತ ಸುಮಾರು 400 ಮೀಟರ್ ಎತ್ತರ. ನನ್ನ ತೂಕದವನು ಅದನ್ನು ಹತ್ತಿದರೆ ಏರುವುದಕ್ಕೆ ಖರ್ಚಾಗುವುದು ಸುಮಾರು 300 ಕ್ಯಾಲೊರಿ. ಎರಡು ದೊಡ್ಡ ಬೋಂಡ ತಿಂದರೆ ಅಷ್ಟೂ ಮರಳಿ ಬರುತ್ತದೆ. ಹೈದರನ ಕಾಲದ ಕೋಟೆಯನ್ನೇ ಹತ್ತಿದರೂ ಗೆಲುವು ಬೋಂಡದ್ದೇ!

ಹಾಗಾಗಿ ಅರ್ಧ ಪ್ಲೇಟು ಎಂದು ನಿಶ್ಚಯಿಸಿದೆ. ಕಷ್ಟ ಬಂದದ್ದು ಅಲ್ಲಿ. ನಾನು ಹೋಗುವ ಗಾಡಿಯನ್ನು ನಡೆಸುವವನು ನನ್ನ ಹಳೆಯ ವಿದ್ಯಾರ್ಥಿ. ಉಪ್ಪಿಟ್ಟಿನ ಸಾಲಿನಲ್ಲಿ ಎಲೆ ಹಿಡಿದು ನಿಲ್ಲುತ್ತಿದ್ದ ಹುಡುಗ. ನನಗೆಂದೇ ಉಳಿದವರಿಗಿಂತ ಒಂದು ಸೌಟು ಹೆಚ್ಚು ಹಾಕುತ್ತಾನೆ. ಅರ್ಧ ಕೊಡಪ್ಪ ಎಂದಾಗ ಅವನ ಮುಖ ಸಣ್ಣಗಾಯಿತು. "ಯಾಕೆ ಸಾರ್, ಚೆನ್ನಾಗಿಲ್ವಾ? ದುಡ್ಡು ಬೇಡ ಬಿಡಿ ಸಾರ್. ನೀವು ಅವತ್ತು ನನಗೆ ಎರಡು ಸಲ ಬಡಿಸ್ತಿದ್ರಿ" ಎಂದ. ಈ ಸೀಮೆಯಲ್ಲಿ ಪ್ರೀತಿಯ ಅಳತೆ ತುಂಬಿದ ತಟ್ಟೆ. ಹಸಿದವರ ಮಕ್ಕಳು ನಾವು. ಬಡಿಸುವ ಕೈಯನ್ನು ತಡೆಯುವುದು ನಮಗೆ ಅವಮಾನದಂತೆ ಕಾಣುತ್ತದೆ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಕ್ಕರೆಯ ವಿಷಯ ಹೇಳಿದೆ. ಮರುದಿನದಿಂದ ಅವನೇ ಅಳೆಯತೊಡಗಿದ. ಗೋಬಿ ಅರ್ಧ, ಮೇಲೆ ಒಂದು ಹಿಡಿ ಹಸಿ ಸೌತೆಕಾಯಿ. ಕೆಲವು ಸಂಜೆ ನನಗೆ ಕೊಡುವುದಿಲ್ಲವೆಂದೇ ಹೇಳಿ ಮಜ್ಜಿಗೆ ತರಿಸುತ್ತಾನೆ.

ಎಂಟು ತಿಂಗಳಲ್ಲಿ ಐದು ಕಿಲೋ. ಒಂದು ಕಿಲೋ ಕೊಬ್ಬಿಗೆ ಸುಮಾರು 7700 ಕ್ಯಾಲೊರಿಯಂತೆ ಲೆಕ್ಕ ಹಾಕಿದರೆ ದಿನಕ್ಕೆ ಉಳಿಸಿದ್ದು ಬರಿಯ 160. ಸರಿಸುಮಾರು ಆ ಬಿಟ್ಟ ಅರ್ಧ ಪ್ಲೇಟು! ಇದನ್ನು ದೊಡ್ಡ ಗೆಲುವೆಂದು ಹೇಳಲಾರೆ. ಕಾದ ಎಣ್ಣೆ, ಮೈದಾ, ಉಪ್ಪುಗಳ ಕೆಡುಕು ತೂಕ ಇಳಿದ ಮಾತ್ರಕ್ಕೆ ಹೋಗುವುದಿಲ್ಲ. ಸಕ್ಕರೆ ಕಡಿಮೆಯಾಗಿದೆ, ಸರಿಹೋಗಿಲ್ಲ. ಮನೆಯಲ್ಲಿ ಅಡುಗೆ ಮಾಡುವವರಿದ್ದರೆ ಅವರ ಕೈಯ ಮುದ್ದೆ ಸಾರೇ ಮೇಲು.

'ಊಟ ಬಲ್ಲವನಿಗೆ ರೋಗವಿಲ್ಲ' ಎಂದು ಎಷ್ಟು ವರ್ಷ ನಿಮ್ಮಿಂದ ಕಾಪಿ ಬರೆಸಿದೆನೋ! ಬಿಟ್ಟವನಿಗೆ ಎಂದಿಲ್ಲ, ಬಲ್ಲವನಿಗೆ ಎಂದಿದೆ. ಆ ಶಬ್ದದ ಮೇಲೆ ನನ್ನ ಕಣ್ಣು ಬಿದ್ದದ್ದು ಈಗ. ನಮ್ಮ ಮುತ್ತಜ್ಜಂದಿರ ತಟ್ಟೆಯನ್ನು ಬರ ಅಳೆಯಿತು, ದೊರೆಗಳು ಅಳೆದರು. ನಮ್ಮದನ್ನು ಅಳೆಯುವವರು ಯಾರೂ ಇಲ್ಲ. ಆ ಕೆಲಸ ಈಗ ನಮ್ಮದು. ಒಬ್ಬರಿಗೆ ಆಗದಿದ್ದರೆ ಪ್ರೀತಿಸುವವರೊಬ್ಬರನ್ನು ಜೊತೆಗೆ ಸೇರಿಸಿಕೊಳ್ಳಬೇಕು.

ಬಸ್ ನಿಲ್ದಾಣದ ಆ ತಾಯಿಗೆ ಇಷ್ಟೆಲ್ಲ ಹೇಳಲು ಹೊತ್ತಿರಲಿಲ್ಲ. "ಇಲ್ಲಮ್ಮ, ಚೆನ್ನಾಗಿದ್ದೀನಿ. ಬೇಕೂಂತಲೇ ಇಳಿಸಿದ್ದು" ಎಂದೆ. ಅವರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಚೀಲಕ್ಕೆ ಕೈ ಹಾಕಿ ಒಂದು ಬೊಗಸೆ ಕಡಲೆಕಾಯಿಯನ್ನು ನನ್ನ ಕೈಗೆ ಸುರಿದು, "ತಿನ್ನಿ ಮೇಷ್ಟ್ರೇ" ಎಂದು ಬಸ್ಸು ಹತ್ತಿದರು. ತಿಂದೆ. ಆ ದಿನದ ಲೆಕ್ಕದಲ್ಲಿ ಅದನ್ನೂ ಬರೆದುಕೊಂಡೆ.